ಎದುರು ಮನೆ ಅಕ್ಕನ ಎಲ್ ಬೋರ್ಡು

ಹೋದ ತಿಂಗಳು ಹೊನ್ನಾಳಿಯ ಹೊಳೆ ಸೇತುವೆಯ ಮೇಲೆ ಗಾಡಿಗಳೆಲ್ಲ ಸಾಲಾಗಿ ನಿಂತುಬಿಟ್ಟಿದ್ದವು. ನನ್ನ ಮುಂದೆ ಡ್ರೈವಿಂಗ್ ಸ್ಕೂಲಿನ ಕಾರೊಂದಿತ್ತು. ಹಿಂದಿನ ಗಾಜಿಗೆ ಕೆಂಪು ಬಣ್ಣದ ಎಲ್ ಅಂಟಿಸಿದ್ದರು. ಕಲಿಯುತ್ತಿದ್ದವರು ಯಾರೋ, ಕ್ಲಚ್ಚನ್ನು ಅರ್ಧಕ್ಕೆ ಹಿಡಿದುಕೊಂಡು ಆಕ್ಸಿಲರೇಟರ್ ತುಳಿಯುತ್ತಲೇ ಇದ್ದರು. ಕಾರು ಗುರುಗುಟ್ಟುತ್ತಿತ್ತೇ ಹೊರತು ಮುಂದೆ ಹೋಗುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬಂತು. ಕೂದಲನ್ನೂ ರಬ್ಬರನ್ನೂ ಒಟ್ಟಿಗೆ ಸುಟ್ಟ ಹಾಗಿನ ವಾಸನೆ... ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು. ನಾನು ಹೊಡೆಯಲಿಲ್ಲ. ಕಿಟಕಿಯ ಗಾಜನ್ನು ಏರಿಸದೆ ಆ ವಾಸನೆಯಲ್ಲೇ ಕೂತಿದ್ದೆ. ಎಷ್ಟೋ ವರ್ಷದಿಂದ ಯಾರ ಮುಂದೆಯೂ ಮಾತೆತ್ತದ ಒಬ್ಬರು ನೆನಪಾಗಿದ್ದರು.

ಆಗ ನಾನು ನ್ಯಾಮತಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆ. ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ನರ್ಸಾಗಿ ಕೆಲಸ. ನನ್ನ ಯಜಮಾನರು ಶಿವಮೊಗ್ಗದಲ್ಲಿ ಕೆಲಸದಲ್ಲಿದ್ದರು, ವಾರಕ್ಕೊಮ್ಮೆ ಬರುತ್ತಿದ್ದರು. ಅವರ ಒತ್ತಾಯಕ್ಕೆ ಕಾರು ಓಡಿಸುವುದನ್ನು ಕಲಿತು, ಲೈಸೆನ್ಸೂ ತೆಗೆದುಕೊಂಡಿದ್ದೆ. ನಮ್ಮ ಗಲ್ಲಿಯಲ್ಲಿ ಲೈಸೆನ್ಸ್ ಇದ್ದ ಹೆಂಗಸು ನಾನೊಬ್ಬಳೇ. ಆ ಒಂದು ಕಾರಣಕ್ಕೆ ಎದುರು ಮನೆ ಅಕ್ಕ ನನ್ನನ್ನು ಹುಡುಕಿಕೊಂಡು ಬಂದರು.

ಅಕ್ಕ ಮತ್ತು ಅವರ ಗಂಡ ಬಿಳಿ ವ್ಯಾನೊಂದರಲ್ಲಿ ನೈಟಿ, ಲಂಗ, ಟವೆಲ್ಲು ತುಂಬಿಕೊಂಡು ಸಂತೆಯಿಂದ ಸಂತೆಗೆ ಹೋಗಿ ಮಾರುತ್ತಿದ್ದರು. ಹೊನ್ನಾಳಿ, ಚನ್ನಗಿರಿ, ಒಮ್ಮೊಮ್ಮೆ ಕೆರೆಬಿಳಚಿ. ಅಕ್ಕನ ತವರು ಜಗಳೂರಿನ ಕಡೆ. ಮಕ್ಕಳಿರಲಿಲ್ಲ. ಒಂದು ದಿನ ಚನ್ನಗಿರಿ ಸಂತೆಯಲ್ಲಿ ಗಂಟು ಇಳಿಸುತ್ತಿದ್ದ ಗಂಡ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಪಕ್ಕದ ಅಂಗಡಿಯವರು ಯಾರೋ ವ್ಯಾನನ್ನು ಓಡಿಸಿಕೊಂಡು ಬಂದು ಮನೆ ಮುಂದೆ ನಿಲ್ಲಿಸಿ ಹೋದರು.

ಆ ಮನೆಯ ಮುಂದಿನ ಭಾಗದಲ್ಲಿ ಗಂಡನ ಅಣ್ಣ ಇದ್ದ. ಶಾಮಿಯಾನ ಅಂಗಡಿ ಇಟ್ಟಿದ್ದ. ತಮ್ಮನ ತಿಥಿ ಮುಗಿದ ಮಾರನೇ ದಿನವೇ ವ್ಯಾನಿನ ಕೀ ತೆಗೆದುಕೊಂಡು ಅದರಲ್ಲಿ ಕುರ್ಚಿ, ಕಂಬ, ಚಪ್ಪರದ ಬಟ್ಟೆ ಸಾಗಿಸಲು ಶುರು ಮಾಡಿದ. ಅಕ್ಕ ದಾವಣಗೆರೆಯ ಆರ್‌ಟಿಒ ಆಫೀಸಿಗೆ ಓಡಾಡಿ ವ್ಯಾನನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡು ಬಂದರು. ಆಮೇಲೆ ಭಾವನ ಮುಂದೆ ನಿಂತು ಕೀ ಕೇಳಿದರು. ಆತ ಕೊಟ್ಟ. ಕೀಯನ್ನು ಅಂಗಳಕ್ಕೆ ಎಸೆದು, ಬಗ್ಗಿ ತೆಗೆದುಕೊಳ್ಳಲು ಹೋದ ಅಕ್ಕನ ಬೆನ್ನಿಗೆ ಒದ್ದ. ಅದನ್ನು ನಾನು ನೋಡಲಿಲ್ಲ. ಸಂಜೆ ಅಕ್ಕ ನಮ್ಮ ಮನೆಗೆ ಬಂದು ಸೊಂಟಕ್ಕೆ ಹಚ್ಚಲು ಏನಾದರೂ ಕೊಡಿ ಎಂದಾಗ ತಿಳಿಯಿತು. ಮುಲಾಮು ಹಚ್ಚಿಸಿಕೊಳ್ಳುತ್ತಲೇ ಕೇಳಿದರು.

"ಸಿಸ್ಟ್ರೇ, ಎಲ್‌ಎಲ್‌ಆರ್ ತಗಂಡ್ರೆ ನಾನೇ ವ್ಯಾನ್ ಓಡಿಸ್ಬೋದಂತೆ. ಆದ್ರೆ ಲೈಸೆನ್ಸ್ ಇರೋರು ಒಬ್ರು ಪಕ್ಕದಾಗೆ ಇರಬೇಕಂತೆ. ನೀವು ಏನೂ ಹೇಳಿಕೊಡಾಕೆ ಹೋಗ್ಬೇಡ್ರಿ. ಬರೇ ಕುಂತ್ಕಳ್ರಿ ಸಾಕು."

ಒಪ್ಪಿಕೊಂಡೆ.

ಅಕ್ಕ ಓದಿದ್ದು ಒಂಬತ್ತನೇ ಕ್ಲಾಸಿನವರೆಗೆ. ಕಂಪ್ಯೂಟರ್ ಮುಂದೆ ಕೂತು ಪರೀಕ್ಷೆ ಬರೆಯಬೇಕು ಎಂದಾಗ ಮಾತ್ರ ಸ್ವಲ್ಪ ಅಂಜಿದರು. ರಸ್ತೆ ಚಿಹ್ನೆಗಳ ಪುಸ್ತಕ ತಂದುಕೊಟ್ಟೆ. ಹದಿನೈದು ದಿನ ಅಡುಗೆ ಮನೆಯ ಗೋಡೆಗೆ ಅದರ ಹಾಳೆಗಳನ್ನು ಅಂಟಿಸಿಕೊಂಡು, ರೊಟ್ಟಿ ತಟ್ಟುತ್ತಾ ಓದಿದರು. ದಾವಣಗೆರೆಗೆ ನಾನೇ ಜೊತೆಗೆ ಹೋಗಿದ್ದೆ. ಪರೀಕ್ಷೆ ಮುಗಿಸಿ ಹೊರಗೆ ಬಂದವರ ಮುಖ ನೋಡಿದರೆ ಏನಾಯಿತೆಂದೇ ಗೊತ್ತಾಗುತ್ತಿರಲಿಲ್ಲ. ಕೈಯಲ್ಲಿದ್ದ ಕಾಗದವನ್ನು ಮುಂದೆ ಚಾಚಿದರು. ಅದರಲ್ಲಿ ಅವರ ಫೋಟೊ ಇತ್ತು, ಆರು ತಿಂಗಳ ಅವಧಿಯಿತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನು ಮಡಿಚಲಿಲ್ಲ.

ಅವತ್ತೇ ಸಂಜೆ ಕೆಂಪು ಸ್ಟಿಕ್ಕರಿನ ಎಲ್ ತಂದು ವ್ಯಾನಿನ ಹಿಂದೆ ಮುಂದೆ ಅಂಟಿಸಿದರು. ಬೆಳಿಗ್ಗೆ ನೋಡಿದರೆ ಅದನ್ನು ಯಾರೋ ಚಾಕುವಿನಿಂದ ಕೆರೆದು ತೆಗೆದಿದ್ದರು. ಗಾಜಿನ ಮೇಲೂ ಗೀರು ಬಿದ್ದಿತ್ತು. ಅಕ್ಕ ಬೇರೆ ಅಂಟಿಸಿದರು. ಅದೂ ಹೋಯಿತು. ಮೂರನೇ ಸಲ ಕೆಂಪು ಪೇಂಟು ತಂದು ಬ್ರಶ್ಶಿನಲ್ಲಿ ತಾವೇ ಬರೆದರು, ಸೊಟ್ಟ ಸೊಟ್ಟ. ಅದನ್ನು ಬರೆಯುತ್ತಿರುವಾಗ ಭಾವ ಜಗಲಿಯಿಂದ ಇಳಿದು ಬಂದು, ಗಲ್ಲಿಯವರೆಲ್ಲ ನೋಡುತ್ತಿರುವಂತೆ ಕಪಾಳಕ್ಕೆ ಹೊಡೆದ. "ಗಂಡ ಸತ್ತು ವರ್ಷ ಆಗಿಲ್ಲ, ಇವ್ಳಿಗೆ ಸ್ಟೇರಿಂಗ್ ಬೇಕಂತೆ" ಎಂದ. ಅಕ್ಕನ ಕೈಯ ಬ್ರಶ್ಶು ಜಾರಿ ಸೀರೆಯ ಮೇಲೆಲ್ಲ ಕೆಂಪಾಯಿತು. ಅದನ್ನು ಎತ್ತಿಕೊಂಡು ಎಲ್ ಅಕ್ಷರದ ಅಡ್ಡಗೆರೆಯನ್ನು ಪೂರ್ತಿ ಮಾಡಿದರು.

ನಾನು ಡ್ಯೂಟಿಗೆ ಹೋಗುವ ಮೊದಲು, ಬೆಳಿಗ್ಗೆ, ಸೂರಗೊಂಡನಕೊಪ್ಪದ ರಸ್ತೆಯಲ್ಲಿ ಕಲಿಯುತ್ತಿದ್ದೆವು. ಜಾತ್ರೆಯ ದಿನ ಬಿಟ್ಟರೆ ಅಲ್ಲಿ ಗಾಡಿ ಕಡಿಮೆ. ಮೊದಲ ವಾರ ಅವರೂ ಕ್ಲಚ್ ಸುಟ್ಟರು. ವ್ಯಾನಿನ ತುಂಬ ಆ ವಾಸನೆ ತುಂಬಿಕೊಂಡು, ಇಬ್ಬರೂ ಇಳಿದು ರಸ್ತೆ ಬದಿಯಲ್ಲಿ ಕೆಮ್ಮುತ್ತಾ ನಿಂತಿದ್ದೂ ಉಂಟು. ಆದರೆ ಒಂದು ಮಾತು ಹೇಳಬೇಕು. ಕ್ಲಚ್ಚಿನಲ್ಲಿ ಅವರು ತಡವರಿಸಿರಬಹುದು, ರಿವರ್ಸ್ ಎಂದರೆ ಗಾಬರಿ ಇದ್ದಿರಬಹುದು, ಬ್ರೇಕು ಮತ್ತು ಆಕ್ಸಿಲರೇಟರ್ ನಡುವೆ ಒಂದು ಸಲವೂ ತಪ್ಪಲಿಲ್ಲ. ಮೊದಲ ದಿನವೇ ಚಪ್ಪಲಿ ಬಿಚ್ಚಿ ಬರಿಗಾಲನ್ನು ಇಟ್ಟು, ಕೆಳಗೆ ನೋಡದೆ, ಇದು ಇದು, ಅದು ಅದು ಎಂದು ಮುಟ್ಟಿ ಮುಟ್ಟಿ ಗುರುತು ಮಾಡಿಕೊಂಡಿದ್ದರು.

ಇಪ್ಪತ್ತು ದಿನ ಕಳೆದಿರಬೇಕು. ನಾನು ಡ್ಯೂಟಿಯಲ್ಲಿದ್ದೆ. ಅಕ್ಕ ನಡೆದುಕೊಂಡೇ ನರ್ಸಿಂಗ್ ಹೋಮಿಗೆ ಬಂದರು. ಮಾರಲು ಇಟ್ಟಿದ್ದ ಹೊಸ ನೈಟಿಯನ್ನೇ ಎಡಗೈಗೆ ಸುತ್ತಿಕೊಂಡಿದ್ದರು. ಅದರಿಂದ ರಕ್ತ ಹನಿಯುತ್ತಾ ಬಾಗಿಲಿನಿಂದ ನನ್ನ ಟೇಬಲ್ಲಿನವರೆಗೂ ಗೆರೆ ಬಿದ್ದಿತ್ತು. ಬಿಚ್ಚಿ ನೋಡಿದೆ. ಎರಡು ಬೆರಳು ಜಜ್ಜಿ ಚಪ್ಪಟೆಯಾಗಿದ್ದವು. ಒಂದರ ಮೂಳೆ ಚರ್ಮ ಸೀಳಿ ಹೊರಗೆ ಬಂದಿತ್ತು. ಮೇಲೆ ಹತ್ತಿ ಇಟ್ಟು ಡಾಕ್ಟರನ್ನು ಕೂಗಿದೆ.

ಡಾಕ್ಟರು ಕೇಳಿದರು, ಹೇಗಾಯಿತು ಎಂದು.

"ಬಾಗ್ಲು ಹಾಕಿದ್ರು."

"ಯಾರು?"

"ನಮ್ಮ ಭಾವ. ವ್ಯಾನಿನ ಬಾಗ್ಲು ಹಿಡ್ಕಂಡು ಒಳಗೆ ಗಂಟು ಜೋಡಿಸ್ತಿದ್ದೆ. ನನ್ನ ಕೈ ಐತೆ ಅಂತ ನೋಡಿಯೇ ಜಾರಿಸಿದ್ರು. ಒಂದ್ಸಲ ಅಲ್ಲ, ಎರಡು ಸಲ. ಹಂಗೇ ಬರ್ಕಳ್ರಿ."

ಡಾಕ್ಟರು ಹಾಗೇ ಬರೆದರು, ಪೊಲೀಸಿಗೂ ತಿಳಿಸಿದರು. ಪೊಲೀಸರು ಬಂದು ಗಲ್ಲಿಯಲ್ಲಿ ವಿಚಾರಿಸಿದರು. ಹಾಡಹಗಲು ನಡೆದದ್ದು. ಎದುರುಬದುರು ಎಂಟು ಮನೆ. ಯಾರೂ ನೋಡಿರಲಿಲ್ಲ. ಒಬ್ಬರು ನೀರು ಹಿಡಿಯುತ್ತಿದ್ದರಂತೆ, ಒಬ್ಬರು ಟಿವಿ ನೋಡುತ್ತಿದ್ದರಂತೆ, ಒಬ್ಬರು ಊರಲ್ಲೇ ಇರಲಿಲ್ಲವಂತೆ. ಹೇಳಿದ್ದು ಅಕ್ಕ ಒಬ್ಬರೇ, ಇಲ್ಲ ಎಂದದ್ದು ಇಡೀ ಗಲ್ಲಿ. ದೂರು ಮುಂದೆ ಹೋಗಲಿಲ್ಲ. ನನಗೆ ಇನ್ನೂ ನೆನಪಿದೆ, ಬ್ಯಾಂಡೇಜ್ ಬದಲಾಯಿಸುವಾಗ ಅಕ್ಕ ಹೇಳಿದ್ದು. "ನೀವಾದ್ರೂ ಅವತ್ತು ಮನೇಲಿದ್ದಿದ್ರೆ ನೋಡ್ತಿದ್ರಿ ಸಿಸ್ಟ್ರೇ." ನಾನು, ಹೌದಕ್ಕ, ಹೇಳುತ್ತಿದ್ದೆ ಎಂದಿದ್ದೆ.

ಪ್ಲಾಸ್ಟರ್ ಬಿಚ್ಚುವಷ್ಟರಲ್ಲಿ ಎರಡು ತಿಂಗಳಾಯಿತು. ಆ ಬೆರಳುಗಳು ಮತ್ತೆ ಮಡಚಲಿಲ್ಲ. ಇನ್ನು ವ್ಯಾನಿನ ಸುದ್ದಿ ಬಿಡುತ್ತಾರೆಂದು ನಾನೂ ಅಂದುಕೊಂಡಿದ್ದೆ, ಭಾವನೂ ಅಂದುಕೊಂಡಿರಬೇಕು. ಅಕ್ಕ ಮಾತ್ರ ಬಿಚ್ಚಿದ ಮೂರನೇ ದಿನ ಬೆಳಿಗ್ಗೆ ನಮ್ಮ ಬಾಗಿಲು ತಟ್ಟಿದರು. ಗೇರಿನ ತಲೆಯನ್ನು ಬೆರಳಿನಿಂದ ಹಿಡಿಯಲು ಆಗುತ್ತಿರಲಿಲ್ಲ. ಅಂಗೈಯಿಂದ ತಳ್ಳುವುದನ್ನು ಕಲಿತರು. ತಳ್ಳುವಾಗಲೆಲ್ಲ ಹಲ್ಲು ಕಚ್ಚುತ್ತಿದ್ದರು. ಗೋವಿನಕೋವಿಯವರೆಗೂ ಹೋಗಿ ಬರುವಷ್ಟು ಕೈ ಕುದುರಿತು. ಮನೆಯಲ್ಲಿ ಮಾತ್ರ ನೆಮ್ಮದಿ ಇರಲಿಲ್ಲ. ಭಾವ ಅಕ್ಕನ ಪಾಲಿನ ನೀರಿನ ನಲ್ಲಿ ಮುರಿದ, ಅಡುಗೆ ಮನೆಯ ಕಿಟಕಿಗೆ ಕಲ್ಲು ಎಸೆದ. ಒಂದು ದಿನ ಟೈರುಗಳನ್ನು ಕುಯ್ದಿಟ್ಟಿದ್ದ. ಅಕ್ಕನ ತುಟಿ ಒಡೆದಿರುವುದು, ಕಣ್ಣ ಕೆಳಗೆ ಕಪ್ಪಾಗಿರುವುದು ನನಗೆ ದಿನದ ನೋಟವಾಗಿಬಿಟ್ಟಿತ್ತು. ಬಿಟ್ಟು ಜಗಳೂರಿಗೆ ಹೋಗಿಬಿಡಿ ಅಕ್ಕ ಎಂದರೆ, "ಲೈಸೆನ್ಸ್ ಕೈಗೆ ಬರ್ಲಿ, ಓಡಿಸ್ಕಂಡೇ ಹೋಗ್ತೀನಿ" ಎನ್ನುತ್ತಿದ್ದರು.

ಎಲ್‌ಎಲ್‌ಆರ್ ಮುಗಿಯಲು ಹದಿನೈದು ದಿನ ಉಳಿದಿತ್ತು. ಡ್ರೈವಿಂಗ್ ಟೆಸ್ಟಿಗೆ ದಿನ ಸಿಕ್ಕಿತು. ಅವತ್ತು ನಾನು ರಜೆ ಹಾಕಿದೆ. ಅಕ್ಕ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಕಾಗದಪತ್ರಗಳನ್ನು ಕವರಿನಲ್ಲಿ ಹಾಕಿಕೊಂಡು ಕೂತಿದ್ದರು. ನಾನು ಪಕ್ಕದಲ್ಲಿ ಕೂತೆ. ವ್ಯಾನು ಗಲ್ಲಿಯ ತಿರುವಿನವರೆಗೆ ಬಂತು. ಅಲ್ಲೊಂದು ಕರೆಂಟ್ ಕಂಬ. ಅದರ ಮುಂದೆ ಭಾವ ನಿಂತಿದ್ದ. ಕೈಯಲ್ಲಿ ಶಾಮಿಯಾನದ ಹಗ್ಗ ಕಟ್ಟಲು ನೆಲಕ್ಕೆ ಹೊಡೆಯುವ ಕಬ್ಬಿಣದ ಗೂಟ, ಮೊಳಕ್ಕಿಂತ ಉದ್ದದ್ದು.

ಅಕ್ಕ ವ್ಯಾನ್ ನಿಲ್ಲಿಸಿದರು. ಇಂಜಿನ್ ಆರಿಸಲಿಲ್ಲ.

"ಭಾವ, ದಾರಿ ಬಿಡ್ರಿ. ಟೆಸ್ಟಿಗೆ ಟೈಮ್ ಆತು."

ಆತ ಗೂಟದಿಂದ ಒಂದು ಹೆಡ್‌ಲೈಟ್ ಒಡೆದ. ಆಮೇಲೆ ಇನ್ನೊಂದು. "ಇಳಿಯೇ ಕೆಳಗೆ" ಎಂದ. ಅಕ್ಕ ಇಳಿಯಲಿಲ್ಲ. ಗೂಟ ಮುಂದಿನ ಗಾಜಿಗೆ ಬಿತ್ತು. ಗಾಜು ಒಮ್ಮೆಗೇ ಪುಡಿಯಾಗಿ ನಮ್ಮಿಬ್ಬರ ಮಡಿಲಿಗೆ ಸುರಿಯಿತು. ಗೂಟದ ತುದಿ ನನ್ನ ಹಣೆಗೆ ತಾಗಿತ್ತು. ನೋವು ಗೊತ್ತಾಗಲಿಲ್ಲ, ಕಣ್ಣೊಳಗೆ ಬಿಸಿ ಇಳಿದಾಗಲೇ ರಕ್ತ ಎಂದು ತಿಳಿದದ್ದು. ಆ ವ್ಯಾನಿಗೆ ಮುಂದೆ ಮೂತಿ ಇರಲಿಲ್ಲ. ಗಾಜು ಹೋದ ಮೇಲೆ ನಮಗೂ ಆತನಿಗೂ ನಡುವೆ ಒಂದು ತಗಡು ಮಾತ್ರ. ಆತ ಗೂಟವನ್ನು ಎರಡೂ ಕೈಯಲ್ಲಿ ಹಿಡಿದು ತಲೆಯ ಮೇಲೆ ಎತ್ತಿದ. ಈ ಸಲ ಅಕ್ಕನ ತಲೆಯ ನೇರಕ್ಕೆ.

ಅಕ್ಕ ನನ್ನ ಹಣೆಯನ್ನು ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು. "ಸಿಸ್ಟ್ರೇ, ಗಟ್ಟಿ ಹಿಡ್ಕಳ್ರಿ."

ಅವರು ಕ್ಲಚ್ ಒತ್ತಿದ್ದನ್ನು ನಾನು ಕಂಡೆ. ಅಂಗೈಯಿಂದ ಗೇರನ್ನು ಫಸ್ಟಿಗೆ ತಳ್ಳಿದ್ದನ್ನೂ ಕಂಡೆ. ಬರಿಗಾಲು ಬ್ರೇಕಿನ ಮೇಲಿಂದ ಎದ್ದು ಪಕ್ಕಕ್ಕೆ ಸರಿದು, ಆಕ್ಸಿಲರೇಟರಿನ ಮೇಲೆ ಕೂತು, ಪೂರ್ತಿ ಇಳಿಯಿತು. ವ್ಯಾನು ಎಲ್ಲೂ ಜರ್ಕ್ ಹೊಡೆಯಲಿಲ್ಲ. ಕಂಬಕ್ಕೂ ವ್ಯಾನಿಗೂ ನಡುವೆ ಆತನ ಬಲಗಾಲು ಸಿಕ್ಕಿತು. ಆ ಶಬ್ದ... ಆಸ್ಪತ್ರೆಯಲ್ಲಿ ಮುರಿದ ಮೂಳೆಗಳನ್ನು ಎಷ್ಟೋ ನೋಡಿದ್ದೇನೆ. ಮುರಿಯುವುದನ್ನು ಕೇಳಿದ್ದು ಅದೊಂದೇ ಸಲ. ಗೂಟ ಕೈತಪ್ಪಿ ವ್ಯಾನಿನ ಒಳಗೆ, ನನ್ನ ಕಾಲ ಬಳಿ ಬಿತ್ತು.

ಆಮೇಲೆ ಅಕ್ಕ ರಿವರ್ಸ್ ಹಾಕಿದರು. ಎಂದೂ ಒಂದೇ ಸಲಕ್ಕೆ ಬೀಳದ ರಿವರ್ಸ್ ಗೇರು ಅವತ್ತು ಬಿತ್ತು. ಎರಡು ಮಾರು ಹಿಂದೆ ತೆಗೆದು, ಹ್ಯಾಂಡ್ ಬ್ರೇಕ್ ಎಳೆದು ಇಳಿದರು. ಆತ ಕಂಬದ ಬುಡದಲ್ಲಿ ಕುಸಿದಿದ್ದ. ಮೊಣಕಾಲಿನ ಕೆಳಗೆ ಕಾಲು ಇನ್ನೊಂದು ದಿಕ್ಕಿಗೆ ತಿರುಗಿತ್ತು, ರಕ್ತ ಚಿಮ್ಮುತ್ತಿತ್ತು. ನಾನು ದುಪಟ್ಟಾ ಬಿಚ್ಚಿ ತೊಡೆಗೆ ಬಿಗಿದೆ. ಈಗ ಗಲ್ಲಿಯ ಬಾಗಿಲುಗಳು ತೆರೆದವು. ಇಬ್ಬರು ಗಂಡಸರು ಓಡಿ ಬಂದು ಆತನನ್ನು ವ್ಯಾನಿನ ಹಿಂದೆ, ನೈಟಿ ಗಂಟುಗಳ ಮೇಲೆ ಮಲಗಿಸಿದರು. ನಾನು ಕಾಲು ಹಿಡಿದುಕೊಂಡು ಹಿಂದೆಯೇ ಕೂತೆ. ಅಕ್ಕ ಡ್ರೈವರ್ ಸೀಟಿನ ಗಾಜಿನ ಚೂರುಗಳನ್ನು ಸೆರಗಿನಿಂದ ಒರೆಸಿ ಕೂತರು.

ನ್ಯಾಮತಿಯ ಬೆಳಗಿನ ರಸ್ತೆ. ಸ್ಕೂಲು ಮಕ್ಕಳು, ಹಾಲಿನ ಬೈಕು, ಅಡ್ಡ ಬರುವ ದನ. ಮುಂದೆ ಗಾಜಿಲ್ಲದ ವ್ಯಾನಿನಲ್ಲಿ, ಎರಡು ಬೆರಳು ಮಡಚದ ಕೈಯಲ್ಲಿ, ಪಕ್ಕದಲ್ಲಿ ಯಾರೂ ಇಲ್ಲದೆ ಅಕ್ಕ ಓಡಿಸಿದರು. ಎಲ್ಲಿ ನಿಧಾನಿಸಬೇಕೋ ಅಲ್ಲಿ ನಿಧಾನಿಸಿದರು, ತಿರುವಿನಲ್ಲಿ ಹಾರ್ನ್ ಮಾಡಿದರು. ಅವತ್ತು ಟೆಸ್ಟ್ ತೆಗೆದುಕೊಂಡಿದ್ದರೆ ಯಾವ ಇನ್ಸ್‌ಪೆಕ್ಟರೂ ಫೇಲ್ ಮಾಡುತ್ತಿರಲಿಲ್ಲ.

ಡಾಕ್ಟರು ಆತನ ಕಾಲನ್ನು ನೋಡಿದರು. ನನ್ನ ಹಣೆಯನ್ನು ನೋಡಿದರು. ಪುಸ್ತಕ ತೆಗೆದು ಕೇಳಿದರು. "ಏನಾಯ್ತು ಸಿಸ್ಟರ್?"

ನಾನು ಯೋಚನೆ ಮಾಡಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಸುಳ್ಳು. ಆ ಒಂದು ಕ್ಷಣದಲ್ಲಿ ಎಲ್ಲವನ್ನೂ ಯೋಚಿಸಿದ್ದೆ. ಬೇಕೆಂದೇ ಹತ್ತಿಸಿದರು ಎಂದರೆ ಅಕ್ಕ ಜೈಲಿಗೆ ಹೋಗುತ್ತಾರೆ ಎಂದುಕೊಂಡೆ. ಹಿಂದೆ ನಿಜ ಹೇಳಿದಾಗ ಏನೂ ಆಗಲಿಲ್ಲವಲ್ಲ ಎಂದುಕೊಂಡೆ. ಪಕ್ಕದಲ್ಲಿ ಲೈಸೆನ್ಸ್ ಇಟ್ಟುಕೊಂಡು ಕೂತವಳು ನಾನು, ನನ್ನನ್ನೂ ಎಳೆಯುತ್ತಾರೆ, ಕೆಲಸ ಹೋಗುತ್ತದೆ, ಮನೆಯಲ್ಲಿ ಏನು ಹೇಳಲಿ ಎಂದೂ ಅಂದುಕೊಂಡೆ.

"ಆಕ್ಸಿಡೆಂಟ್ ಸರ್. ಅಕ್ಕ ಇನ್ನೂ ಕಲೀತಿದ್ರು. ಬ್ರೇಕ್ ಅಂತ ಆಕ್ಸಿಲರೇಟರ್ ಒತ್ತಿಬಿಟ್ರು."

ಡಾಕ್ಟರು ಬರೆದುಕೊಂಡರು. ಅಕ್ಕ ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡರು. ನನ್ನನ್ನೇ ನೋಡುತ್ತಿದ್ದರು.

ಪೊಲೀಸರ ಮುಂದೆಯೂ ನಾನು ಅದನ್ನೇ ಹೇಳಿದೆ. ಅಕ್ಕ, ಇಲ್ಲ, ಗೊತ್ತಿದ್ದೇ ಮಾಡಿದೆ ಎಂದು ಹೇಳಲು ಹೋದರೆ, ಗಾಬರಿಯಲ್ಲಿ ಏನೇನೋ ಮಾತಾಡುತ್ತಿದ್ದಾರೆ ಎಂದು ನಾನೇ ಅಡ್ಡ ಬಂದೆ. ಓದಿಕೊಂಡವಳು, ನರ್ಸು, ಪಕ್ಕದಲ್ಲೇ ಕೂತಿದ್ದವಳು. ನನ್ನ ಮಾತು ನಿಂತಿತು. ಭಾವನನ್ನು ಶಿವಮೊಗ್ಗಕ್ಕೆ ಕರೆದೊಯ್ದರು. ಮೊಣಕಾಲಿನ ಕೆಳಗೆ ಕಾಲು ತೆಗೆದರು. ಮೊದಮೊದಲು ಆತ, ನನ್ನನ್ನು ಕೊಲ್ಲಲು ನೋಡಿದಳು ಎಂದು ಕೂಗಾಡಿದನಂತೆ. ಹಾಗೆಂದರೆ ಗೂಟ ಹಿಡಿದು ಯಾಕೆ ನಿಂತಿದ್ದೆ ಎಂಬ ಮಾತೂ ಏಳುತ್ತದೆ ಎಂದು ಆತನ ಕಡೆಯವರು ತಿಳಿ ಹೇಳಿದರು. ಆತನೂ ಆಕ್ಸಿಡೆಂಟ್ ಎಂದೇ ಒಪ್ಪಿ, ಕೇಸು ಬೇಡ ಎಂದು ಬರೆದುಕೊಟ್ಟ. ಗಾಜು ಕಂಬಕ್ಕೆ ಗುದ್ದಿದಾಗ ಒಡೆಯಿತು ಎಂದಾಯಿತು. ನನ್ನ ಹಣೆಗೆ ಗಾಜು ಚುಚ್ಚಿತು ಎಂದಾಯಿತು. ಹೆಡ್‌ಲೈಟು, ಗೂಟ, ಜಜ್ಜಿದ ಬೆರಳು, ಒಡೆದ ತುಟಿ, ಯಾವುದೂ ಈ ಸಲದ ಕಾಗದದಲ್ಲಿ ಬರಲಿಲ್ಲ. ಎಲ್ಲವನ್ನೂ ನನ್ನ ಒಂದು ಮಾತು ಒರೆಸಿಹಾಕಿತ್ತು. ಗಲ್ಲಿಯಲ್ಲಿ ನಗುವುದಕ್ಕೊಂದು ಕತೆ ಹುಟ್ಟಿತು. ಬ್ರೇಕ್ ಯಾವುದು ಅಂತ ಗೊತ್ತಿಲ್ಲದವಳು ವ್ಯಾನ್ ಓಡಿಸಲು ಹೋಗಿದ್ದಳಂತೆ. ಅಕ್ಕ ನಲ್ಲಿ ಹತ್ತಿರ ಹೋದರೆ, "ಹುಷಾರು, ದಾರಿ ಬಿಡ್ರಿ" ಎಂದು ಹೆಂಗಸರೇ ಸರಿದು ನಿಲ್ಲುತ್ತಿದ್ದರು.

ವಾರವಾದ ಮೇಲೆ ಅಕ್ಕ ನಮ್ಮ ಮನೆಗೆ ಬಂದರು. ಒಳಗೆ ಕರೆದರೂ ಬರಲಿಲ್ಲ, ಹೊಸ್ತಿಲ ಹೊರಗೇ ನಿಂತರು.

"ಯಾಕೆ ಹಂಗಂದ್ರಿ ಸಿಸ್ಟ್ರೇ?"

"ಜೈಲಿಗೆ ಹೋಗ್ತಿದ್ರಿ ಅಕ್ಕ."

"ಹೋಗ್ತಿದ್ದೆ. ಯಾಕೆ ಹತ್ತಿಸ್ದೆ ಅಂತ ಅಲ್ಲಿ ಜಡ್ಜ್ ಕೇಳ್ತಿದ್ರು. ಒಂದೊಂದಾಗಿ ಹೇಳ್ತಿದ್ದೆ. ಈಗ ಕೇಳೋರೇ ಇಲ್ಲ ನೋಡ್ರಿ." ಗಲ್ಲಿಯ ಕಡೆ ಕೈ ತೋರಿಸಿದರು. "ಇಡೀ ಗಲ್ಲಿ ನೋಡಿಲ್ಲ ಅಂತು. ಅವ್ರು ನೋಡಿರಲಿಲ್ಲ ಅಂತ ಇಟ್ಕಳಾನ. ನೀವು ನೋಡಿದ್ರಿ. ನನ್ನ ಕಾಲಿಗೆ ಗೊತ್ತಿತ್ತು ಸಿಸ್ಟ್ರೇ, ಯಾವುದು ಬ್ರೇಕು, ಯಾವುದು ಆಕ್ಸಿಲೇಟ್ರು ಅಂತ."

ಬೈದಿದ್ದರೆ ಚೆನ್ನಾಗಿತ್ತು. ಹೊಡೆದಿದ್ದರೂ ಚೆನ್ನಾಗಿತ್ತು... ಅಷ್ಟು ಹೇಳಿ ಹೊರಟುಹೋದರು. ಟೆಸ್ಟಿಗೆ ಇನ್ನೊಂದು ದಿನ ಕೇಳಲಿಲ್ಲ. ಎಲ್‌ಎಲ್‌ಆರಿನ ಅವಧಿ ಮುಗಿಯಿತು, ಒಡೆದ ವ್ಯಾನನ್ನು ಸಿಕ್ಕ ಬೆಲೆಗೆ ಮಾರಿದರು. ಅದಾಗಿ ಎಂಟು ಹತ್ತು ದಿನಕ್ಕೆ, ಒಂದು ಬೆಳಿಗ್ಗೆ, ಅಕ್ಕ ಎರಡು ಗಂಟು ಹೊತ್ತುಕೊಂಡು ಬಸ್‌ಸ್ಟ್ಯಾಂಡಿನ ಕಡೆಗೆ ನಡೆದು ಹೋಗುವುದನ್ನು ಕಿಟಕಿಯಿಂದ ನೋಡಿದೆ. ಇಳಿದು ಹೋಗಿ ಒಂದು ಗಂಟನ್ನಾದರೂ ಹಿಡಿಯಬಹುದಿತ್ತು. ಹೋಗಲಿಲ್ಲ.

ಸೇತುವೆಯ ಮೇಲೆ ಆ ವಾಸನೆ ಮೂಗಿಗೆ ಬಡಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ. ಈಗ ನಾನಿರುವುದು ಹೊನ್ನಾಳಿಯಲ್ಲೇ. ಸಂತೆಯ ದಿನ ಹೋಗಿ, ಬಟ್ಟೆ ಅಂಗಡಿಗಳ ಸಾಲಿನಲ್ಲಿ ವಿಚಾರಿಸಿದೆ. ಬೆಡ್‌ಶೀಟ್ ಮಾರುವ ವಯಸ್ಸಾದ ಸಾಬರೊಬ್ಬರಿಗೆ ಅಕ್ಕ ಗೊತ್ತಿದ್ದರು. ಅಕ್ಕನ ಗಂಡನ ಕಾಲದಿಂದಲೂ ಪಕ್ಕದಲ್ಲಿ ಅಂಗಡಿ ಹಾಕುತ್ತಿದ್ದವರಂತೆ.

"ಜಗಳೂರಮ್ಮನಾ? ಹೋಗಿ ಒಂದ್ ವರ್ಷದ ಮೇಲಾತು ಮೇಡಮ್ಮೋರೆ. ಹೊಟ್ಟೇಲಿ ಗಡ್ಡೆ ಆಗಿತ್ತಂತೆ, ತಿಳಿಯೋ ಹೊತ್ತಿಗೆ ತಡ ಆಗಿತ್ತು."

ನಾನು ಅಲ್ಲೇ ಗಂಟಿನ ಮೇಲೆ ಕೂತೆ. ಅವರು ನೀರು ಕೊಟ್ಟರು. ಕೊಟ್ಟು, ಬೆಡ್‌ಶೀಟ್ ಮಡಚುತ್ತಾ ಹೇಳುತ್ತಾ ಹೋದರು. ಅಕ್ಕ ಜಗಳೂರಿಗೆ ಹೋದ ಮೇಲೆ ಒಂದೂವರೆ ವರ್ಷ ಬೇರೆಯವರ ಅಂಗಡಿಯಲ್ಲಿ ಕೆಲಸ ಮಾಡಿದರಂತೆ. ಆಮೇಲೆ ಮತ್ತೆ ಎಲ್‌ಎಲ್‌ಆರ್ ಮಾಡಿಸಿದರಂತೆ. ಟೆಸ್ಟೂ ಪಾಸಾಗಿ, ಹಳೇದೊಂದು ಗಾಡಿ ಹಿಡಿದು, ನಾಲ್ಕು ವರ್ಷ ಆ ಕಡೆಯ ಸಂತೆಗಳಿಗೆಲ್ಲ ತಾವೇ ಓಡಿಸಿಕೊಂಡು ಬರುತ್ತಿದ್ದರಂತೆ. ಚನ್ನಗಿರಿಗೂ ಬಂದಿದ್ದರಂತೆ, ಎರಡು ಮೂರು ಸಲ. "ಎರಡು ಬೆರಳು ಮಡಚ್ತಾ ಇರ್ಲಿಲ್ಲ ಆಯಮ್ಮಂಗೆ. ಆದ್ರೂ ಗಾಡಿ ಹಿಂದಕ್ಕೆ ತೆಗೆಯೋದು ನೋಡ್ಬೇಕಿತ್ತು ನೀವು."

ಹಾಗಾದರೆ ಎರಡನೇ ಸಲ ಕಲಿಯುವಾಗ ಅವರ ಪಕ್ಕದಲ್ಲಿ ಯಾರು ಕೂರುತ್ತಿದ್ದರು ಎಂದು ಕೇಳಿದೆ.

ಸಾಬರು ಮಡಚಿದ ಬೆಡ್‌ಶೀಟನ್ನು ಸಾಲಿನಲ್ಲಿಟ್ಟರು. ಅವರಿಗೆ ಗೊತ್ತಿರಲಿಲ್ಲ.